ಡೇವ್ ಕೂಡ್ಲೆ ಓಡಿದ, ಕ್ಲಾ ಸತಾಯ್ಸಿದ

ಸಣ್ಣಿದ್ದಾಗ ಆಡಿದ ಕಂಪ್ಯೂಟರ್ ಗೇಮನ್ನ ಈಗಿನ ಲ್ಯಾಪ್‌ಟಾಪಲ್ಲಿ ಆಡ್ಬೇಕು ಅಂತ ಹೊರಟವ್ರಿಗೆ ಒಂದು ಮಾತು ಮೊದ್ಲೇ ಹೇಳ್ಬಿಡ್ತೇನೆ. ಆಟ ಎಷ್ಟು ಹಳೇದೋ ಅಷ್ಟು ಸುಲಭ. ವಿಂಡೋಸಿಗೂ ಮೊದ್ಲಿನ ಡಾಸ್ ಅನ್ನೋ ವ್ಯವಸ್ಥೆಗೆ ಮಾಡಿದ 1990ರ ಗೇಮು ಕೂತ್ಕೊಂಡಲ್ಲೇ ಓಡ್ತದೆ, ವಿಂಡೋಸ್ 98 ಕಾಲದ್ದು ಜೀವ ಹಿಂಡ್ತದೆ. ಕೇಳೋಕೆ ಉಲ್ಟಾ ಅನ್ನಿಸ್ತದೆ, ಆದ್ರೆ ಈ ಮಳೆಗಾಲ ಪೂರ್ತಿ ಇದ್ರಲ್ಲೇ ಮುಳುಗಿದ್ದವ ಹೇಳ್ತಿದೇನೆ, ನಂಬಿ.

ಆಫೀಸಿನವ್ರು ಮನೆಯಿಂದ್ಲೇ ಕೆಲಸ ಮಾಡಿ ಅಂದದ್ದಕ್ಕೆ ಜೂನಿಂದ ಊರಲ್ಲೇ ಇದ್ದೆ. ಶಿರಸಿ ಕಡೆ ಆಷಾಢ ಅಂದ್ರೆ ಗೊತ್ತಲ್ಲ, ಅಡಿಕೆಗೆ ಕೊಳೆಮದ್ದು ಹೊಡೆಯೋಕೂ ಬಿಡುವು ಕೊಡದೆ ಮಳೆ ಒಂದೇ ಸಮ ಹೊಯ್ತಿರ್ತದೆ, ಸಂಜೆ ಹಲಸಿನ ಹಪ್ಪಳ ತಿನ್ನೋದು ಬಿಟ್ರೆ ಮಾಡೋಕೆ ಎಂತದೂ ಇಲ್ಲ. ಅಕ್ಕನ ಮಗ ಪೇಟೆ ಶಾಲೆಗೆ ಹೋಗೋನು, ಡಿಸಿ ಮಳೆ ರಜೆ ಕೊಟ್ಟಾಗೆಲ್ಲ ನಮ್ಮನೇಲೇ ಠಿಕಾಣಿ, ಇಡೀ ದಿನ ಮೊಬೈಲಲ್ಲಿ ಗುಂಡು ಹಾರಿಸ್ತಾ ಕೂತಿರ್ತಾನೆ. ಒಂದಿನ ನೆಟ್ ಹೋಗಿ ಅವನ ಗೇಮು ಬಂದ್ ಆತು. "ಮಾವಾ, ನೀ ಸಣ್ಣಿದ್ದಾಗ ನೆಟ್ ಇಲ್ದೆ ಎಂತ ಆಡ್ತಿದ್ದೆ?" ಅಂತ ಕೇಳಿದ. ಅಷ್ಟು ಸಾಕಾಯ್ತು ನಂಗೆ.

ನಾವು ಆಡಿದ್ದು ಕಂಪ್ಯೂಟರ್ ಕ್ಲಾಸಲ್ಲಿ. ದೇವಿಕೆರೆ ಹತ್ರ ಒಂದು ಮಹಡಿ ಮೇಲೆ ನಡೀತಿತ್ತು, ಧೂಳಾಗ್ತದೆ ಅಂತ ಚಪ್ಪಲಿ ಹೊರಗೇ ಬಿಡ್ಸೋರು, ಒಳಗೆ ಸರ್ ಡಾಸ್ ಕಮಾಂಡು ಬಾಯಿಪಾಠ ಮಾಡ್ಸೋರು, ಚೆನ್ನಾಗಿ ಹೇಳಿದ್ರೆ ಕೊನೇಲಿ ಸ್ವಲ್ಪ ಹೊತ್ತು ಡೇವ್ ಆಡೋಕೆ ಬಿಡೋರು. ಡೇಂಜರಸ್ ಡೇವ್. ಕೆಂಪು ಟೊಪ್ಪಿ ಹಾಕ್ಕೊಂಡ ಒಬ್ಬ, ಕಪ್ ತಗೊಂಡ್ರೆ ಬಾಗಿಲು ತೆರೀತದೆ, ಒಟ್ಟು 10 ಲೆವೆಲ್ಲು. ಆಮೇಲೆ 1993ರಲ್ಲಿ ಡೂಮ್ ಮಾಡಿದವ್ರಲ್ಲಿ ಒಬ್ಬನಾದ ಜಾನ್ ರೊಮೆರೊ ಮಾಡಿದ ಗೇಮದು ಅಂತ ಎಷ್ಟೋ ವರ್ಷದ ಮೇಲೆ ಗೊತ್ತಾದದ್ದು. ಆಗ ನಮಗೆ ಅದು ಸರ್ ಮಾಡಿದ್ದೇ ಇರ್ಬೇಕು ಅನ್ನೋ ಅನುಮಾನ ಇತ್ತು.

ಅಟ್ಟದ ಮೇಲೆ ಬಿಸ್ಕಿಟ್ ಡಬ್ಬದಲ್ಲಿ ಆ ಕಾಲದಲ್ಲಿ ಫೈಲು ಇಡ್ತಿದ್ದ ಫ್ಲಾಪಿ ಡಿಸ್ಕು ಇದ್ವು. ಮೂರೂವರೆ ಇಂಚಿನವು, ಒಂದೊಂದಕ್ಕೆ 1.44 ಎಂಬಿ, ಈಗಿನ ಒಂದು ವಾಟ್ಸಾಪ್ ಫೋಟೋ ಹಿಡಿಯೋದೂ ಕಷ್ಟ. ಯುಎಸ್‌ಬಿ ಫ್ಲಾಪಿ ಡ್ರೈವ್ ಆನ್‌ಲೈನಲ್ಲಿ ಸಿಗ್ತದೆ, ತರ್ಸಿದೆ. ಆದ್ರೆ ಹಾಕೋ ಮೊದ್ಲು ಫ್ಲಾಪಿಯ ತಗಡಿನ ಬಾಗಿಲು ಬೆರಳಲ್ಲಿ ಸರಿಸಿ ಬೆಳಕಿಗೆ ಹಿಡಿದು ನೋಡಿ ಅಂತ ಮಲೆನಾಡಿನವ್ರಿಗೆ ಕೈ ಮುಗಿದು ಹೇಳ್ತೇನೆ. ಒಳಗಿನ ಕಂದುಗಪ್ಪು ಡಿಸ್ಕಿನ ಮೇಲೆ ಬಿಳೀ ಬೂಸ್ಟು, ಕೆಲವು ಕಡೆ ಚುಕ್ಕಿ ಚುಕ್ಕಿ, ಕೆಲವು ಕಡೆ ರಂಗೋಲಿ ಬಿಟ್ಟ ಹಾಗೆ ಸುತ್ತುಸುತ್ತಾಗಿ. ಹಂಗೇ ಹಾಕಿದ್ರೆ ಆ ಬೂಸ್ಟು ಡಿಸ್ಕ್ ಓದೋ ಡ್ರೈವಿನ ಹೆಡ್ಡಿಗೆ ಮೆತ್ಕೊಂಡು ಮುಂದೆ ಹಾಕೋ ಒಳ್ಳೇ ಫ್ಲಾಪಿಯನ್ನೂ ಗೀರಿ ಹಾಳು ಮಾಡ್ತದೆ. ಮೆಡಿಕಲ್ ಶಾಪಿಂದ ಐಸೋಪ್ರೊಪೈಲ್ ಆಲ್ಕೋಹಾಲ್ ತಂದು, ಕಿವಿ ಬಡ್ಸಿಗೆ ಹಚ್ಚಿ, ಹಿಂದಿನ ಲೋಹದ ಬಿಲ್ಲೆಯನ್ನ ಬೆರಳಲ್ಲಿ ತಿರುಗಿಸ್ತಾ ನಿಧಾನಕ್ಕೆ ಒರೆಸ್ಬೇಕು, ಎರಡೂ ಬದಿ, ಒತ್ತಬಾರದು, ಆಮೇಲೆ ಪೂರ್ತಿ ಒಣಗಿದ ಮೇಲೇ ಹಾಕೋದು. ಆ ಮಳೇಲಿ ಒಣಗೋದು ಬೇರೆ ಕಥೆ, ನಾನು ಅಡಿಗೆಮನೆ ಒಲೆಯಿಂದ ದೂರ ಒಂದು ಹಲಗೆ ಮೇಲೆ ಸಾಲಾಗಿ ಇಟ್ಟಿದ್ದೆ, ಆಯಿ ಬಂದು "ಎಂತದ ಮಾಣಿ ಇದು, ಹಪ್ಪಳ ಒಣಗ್ಸಿದ ನಮನಿ" ಅಂದ್ಳು.

ಡೇವ್ ಇದ್ದ ಫ್ಲಾಪಿ ಕರ್ ಕರ್ ಅಂತ ಸುಮಾರು ಹೊತ್ತು ಗೋಳಾಡಿ ಕೊನೆಗೂ ಓದ್ತು. ಪ್ರಿನ್ಸ್ ಆಫ್ ಪರ್ಷಿಯಾ ಅನ್ನೋ ಇನ್ನೊಂದು ಗೇಮು ಇದ್ದದ್ದು ಓದ್ಲೇ ಇಲ್ಲ. ಅದಕ್ಕೆ ಕಾರವಾರದ ಭಾವನೇ ಗತಿ, ಕೋಡಿಬಾಗದಲ್ಲಿರ್ತಾನೆ, ಹಳೇದು ಎಂತದನ್ನೂ ಎಸೆಯೋ ಜಾತಿ ಅಲ್ಲ, ಹಳೇ ಹಾರ್ಡ್ ಡಿಸ್ಕಿನ ಕಾಪಿ ಇಟ್ಟಿದ್ದ. ಜಿಮೇಲಲ್ಲಿ ಕಳ್ಸೋಕೆ ಹೋದ್ರೆ ಪ್ರೋಗ್ರಾಮ್ ಓಡ್ಸೋ ಇಎಕ್ಸ್‌ಇ ಫೈಲು ಅಂತ ಒಪ್ಲಿಲ್ಲ, ಜಿಪ್ ಮಾಡಿದ್ರೂ ಒಪ್ಪೋದಿಲ್ಲ ಅದು, ಡ್ರೈವಲ್ಲಿ ಹಾಕಿ ಲಿಂಕ್ ಕೊಟ್ಟ.

ಈ ಪ್ರಿನ್ಸ್ ಮಾಡಿದ ಜೋರ್ಡನ್ ಮೆಕ್ನರ್ ಅನ್ನೋನ ಕಥೆ ಇಲ್ಲಿ ಹೇಳ್ಲೇಬೇಕು. 1989ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬರೆದದ್ದು. ತನ್ನ ತಮ್ಮನಿಗೆ ಬಿಳಿ ಬಟ್ಟೆ ಹಾಕ್ಸಿ ಓಡ್ಸಿ, ಹಾರ್ಸಿ, ಗೋಡೆ ಹತ್ತಿಸಿ ವಿಡಿಯೋ ತೆಗೆದು, ಅದನ್ನ ಒಂದೊಂದೇ ಚಿತ್ರವಾಗಿ ಗೇಮಿಗೆ ಇಳಿಸಿದ್ದ, ಅದಕ್ಕೇ ಆ ಪ್ರಿನ್ಸ್ ಇವತ್ತಿಗೂ ನಿಜವಾದ ಮನುಷ್ಯ ಓಡಿದ ಹಾಗೇ ಕಾಣ್ತಾನೆ. ಆ ಮೂಲ ಕೋಡು ಕಳೆದೇಹೋಯ್ತು ಅಂದ್ಕೊಂಡಿದ್ದಾಗ 2012ರಲ್ಲಿ ಅವನ ಅಪ್ಪನ ಮನೇಲಿ ಒಂದು ಡಬ್ಬಿ ಸಿಕ್ತು, ಅದ್ರಲ್ಲಿ ಫ್ಲಾಪಿಗಳು, ಅವನ್ನ ಓದ್ಸಿ ಎಲ್ರೂ ಕೋಡ್ ಹಂಚ್ಕೊಳ್ಳೋ ಗಿಟ್‌ಹಬ್ಬಲ್ಲಿ ಹಾಕಿದ. ಇಪ್ಪತ್ತು ವರ್ಷದ ಮೇಲೂ ಓದ್ತು! ಅವನ ಅಪ್ಪನ ಮನೆ ಶಿರಸಿಯಲ್ಲಿದ್ದಿದ್ರೆ ಎಂತ ಆಗ್ತಿತ್ತು ಅಂತ ಬೂಸ್ಟು ಒರೆಸ್ತಾ ಯೋಚ್ನೆ ಮಾಡಿದೆ.

ಇನ್ನು ಓಡ್ಸೋದು. ಈಗಿನ 64 ಬಿಟ್ ವಿಂಡೋಸ್ ಡಾಸ್ ಕಾಲದ 16 ಬಿಟ್ ಪ್ರೋಗ್ರಾಮನ್ನ ಮುಟ್ಟೋದೇ ಇಲ್ಲ, ಡೇವ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡೋದಿಲ್ಲ ಅಂತ ಹೇಳಿ ಕೈ ತೊಳ್ಕೊಳ್ತದೆ. ಅದಕ್ಕೆ ಡಾಸ್‌ಬಾಕ್ಸ್. ಇದು ಲ್ಯಾಪ್‌ಟಾಪಿನ ಒಳಗೇ ಒಂದು ಪೂರ್ತಿ ಹಳೇ ಪಿಸಿ ಕಟ್ತದೆ, ಪ್ರೊಸೆಸರು, ಚಿತ್ರ ತೋರ್ಸೋ ವಿಜಿಎ ಕಾರ್ಡು, ಸದ್ದು ಮಾಡೋ ಸೌಂಡ್ ಬ್ಲಾಸ್ಟರ್ ಕಾರ್ಡು, ಎಲ್ಲ ಸಾಫ್ಟ್‌ವೇರಲ್ಲೇ. ಗೇಮಿಗೆ ತಾನು ಯಾವ ಕಾಲದಲ್ಲಿದೇನೆ ಅನ್ನೋದೇ ಗೊತ್ತಾಗೋದಿಲ್ಲ. ಫೋಲ್ಡರನ್ನ ಸಿ ಡ್ರೈವ್ ಅಂತ ಮೌಂಟ್ ಮಾಡು, ಸಿಡಿ ಅನ್ನೋ ಕಮಾಂಡು ಹೊಡೆದು ಒಳಗೆ ಹೋಗು, ಹೆಸರು ಟೈಪ್ ಮಾಡಿ ಎಂಟರ್, ಸರ್ ಬಾಯಿಪಾಠ ಮಾಡ್ಸಿದ್ದೇ ಇಷ್ಟು ವರ್ಷದ ಮೇಲೆ ಕೈಗೆ ಬಂತು. ಅದೂ ಬೇಡ ಅಂದ್ರೆ ಇಎಕ್ಸ್‌ಇ ಫೈಲನ್ನ ಎಳೆದು ಡಾಸ್‌ಬಾಕ್ಸ್ ಐಕಾನ್ ಮೇಲೆ ಬಿಟ್ರೂ ಆಗ್ತದೆ. ಏನೂ ಇನ್‌ಸ್ಟಾಲ್ ಮಾಡೋ ತಾಳ್ಮೆ ಇಲ್ಲದವ್ರಿಗೆ ಇಂಟರ್ನೆಟ್ ಆರ್ಕೈವ್‌ನವ್ರು 2015ರಿಂದ ಸಾವಿರಾರು ಡಾಸ್ ಗೇಮನ್ನ ಬ್ರೌಸರಲ್ಲೇ ಆಡೋ ಹಾಗೆ ಇಟ್ಟಿದ್ದಾರೆ, ಒಳಗೆ ಓಡೋದು ಅದೇ ಡಾಸ್‌ಬಾಕ್ಸು.

ಎರಡು ಸೆಟ್ಟಿಂಗ್ ಮಾತ್ರ ಮುಖ್ಯ. ಒಂದು ಸ್ಪೀಡು, ಕಂಟ್ರೋಲ್ ಹಿಡಿದು ಎಫ್11 ಒತ್ತಿದ್ರೆ ನಿಧಾನ, ಎಫ್12 ಒತ್ತಿದ್ರೆ ಜೋರು. ಆಗಿನ ಕೆಲವು ಗೇಮುಗಳು ಪ್ರೊಸೆಸರ್ ಎಷ್ಟು ಜೋರೋ ಅಷ್ಟು ಜೋರು ಓಡ್ತಿದ್ವು, ಹಳೇ ಡಬ್ಬದ ಮುಂದೆ ಟರ್ಬೊ ಅಂತ ಬಟನ್ ಇರ್ತಿತ್ತಲ್ಲ, ಅದು ಇದ್ದದ್ದೇ ಹಿಂಗಿದ್ದ ಗೇಮಿಗೋಸ್ಕರ ಮಷಿನ್ನನ್ನ ನಿಧಾನ ಮಾಡೋಕೆ, ನಾವು ಜೋರು ಮಾಡೋದು ಅಂತ ಒತ್ತಿ ಒತ್ತಿ ಸವೆಸಿದ್ವು. ಇನ್ನೊಂದು ಕಾನ್ಫಿಗ್ ಫೈಲಲ್ಲಿ ಆಸ್ಪೆಕ್ಟ್ ಅನ್ನೋದನ್ನ ಟ್ರೂ ಮಾಡೋದು. 320 ಬೈ 200ರ ಚಿತ್ರ ಆಗಿನ 4:3 ಮಾನಿಟರಲ್ಲಿ ಉದ್ದುದ್ದ ಎಳೆದು ಕಾಣ್ತಿತ್ತು, ಈಗಿನ ಪರದೆಯಲ್ಲಿ ಹಂಗೇ ಬಿಟ್ರೆ ಪ್ರಿನ್ಸ್ ಗಿಡ್ಡ ಡುಮ್ಮ ಆಗ್ತಾನೆ.

ಡೇವ್ ಶುರುವಾಯ್ತು. ಒಂದು ಲೆವೆಲ್ ಮುಗಿದ ಕೂಡ್ಲೆ "ಗುಡ್ ವರ್ಕ್! ಓನ್ಲಿ 9 ಮೋರ್ ಟು ಗೋ!" ಅಂತ ಬಂತು ನೋಡಿ, ನಂಗೆ ಮೈ ಜುಂ ಅಂತು, ಅಳಿಯಂಗೆ ನಗು. "ಇಷ್ಟೇನಾ ಮಾವಾ?" ಅಂದ. ಅಂದವ ಮೂರನೇ ಲೆವೆಲ್ಲಿನ ಬೆಂಕಿಗೆ ಬಿದ್ದು ಬಿದ್ದು ಸತ್ತು, ಸೇವ್ ಎಲ್ಲಿದೆ ಅಂತ ಕೇಳಿದ. ಸೇವ್ ಇಲ್ಲ ಮಾರಾಯ, ಇದ್ದ ಜೀವ ಎಲ್ಲ ಮುಗಿದ್ರೆ ಮೊದ್ಲಿಂದ ಅಂದೆ. ಅವನ ಮುಖ ನೋಡ್ಬೇಕಿತ್ತು.

ಪ್ರಿನ್ಸ್ ಹಾಕಿದಾಗ ನಂಗೇ ಬೇರೆ ಆಶ್ಚರ್ಯ ಕಾದಿತ್ತು. ಶುರುವಾಗ್ತಿದ್ದ ಹಾಗೇ ಸಂಗೀತ, ಅರೇಬಿಯನ್ ನಮನಿ ಒಂದು ಟ್ಯೂನು. ಇದು ನಮ್ಮ ಗೇಮೇ ಅಲ್ಲ ಅನ್ಸಿಬಿಡ್ತು. ನಾವು ಆಡ್ತಿದ್ದ ಮಷಿನ್ನಲ್ಲಿ ಸೌಂಡ್ ಕಾರ್ಡೇ ಇರ್ಲಿಲ್ಲ, ಡಬ್ಬದ ಒಳಗಿನ ಸಣ್ಣ ಸ್ಪೀಕರಲ್ಲಿ ಟಿಕ್ ಟಿಕ್, ಕಟ್ ಕಟ್ ಅಷ್ಟೇ. ಒಳ್ಳೇ ಸಂಗೀತ ಕೇಳ್ತಿದ್ರೂ ನಂಗೆ ಆಡೋಕೆ ಮನಸ್ಸು ಬರ್ಲಿಲ್ಲ, ಕಾನ್ಫಿಗ್ ಫೈಲಿಗೆ ಹೋಗಿ ಸೌಂಡ್ ಬ್ಲಾಸ್ಟರ್ ಇಲ್ಲ ಅಂತ ಮಾಡ್ದೆ, ಟಿಕ್ ಟಿಕ್ ವಾಪಸ್ ಬಂತು, ಆಗ ಸಮಾಧಾನ. ಯಾರಾದ್ರೂ ಕೇಳಿದ್ರೆ ಹುಚ್ಚ ಅಂದಾರು, ಅನ್ಲಿ.

ಆಮೇಲೆ ಶಿಫ್ಟ್ ಕೀ ಕಾಟ. ಪ್ರಿನ್ಸಲ್ಲಿ ಎಲ್ಲಾದಕ್ಕೂ ಶಿಫ್ಟೇ, ಮೊಳೆ ಮೇಲೆ ಮೆಲ್ಲಗೆ ಹೆಜ್ಜೆ ಇಡೋಕೆ ಶಿಫ್ಟ್, ಹಾರಿ ಗೋಡೆ ತುದಿ ಹಿಡಿಯೋಕೆ ಶಿಫ್ಟ್, ಕತ್ತಿ ಹೊಡೆಯೋಕೂ ಶಿಫ್ಟ್. ವಿಂಡೋಸಲ್ಲಿ ಶಿಫ್ಟನ್ನ ಐದು ಸಲ ಒತ್ತಿದ್ರೆ ಸ್ಟಿಕಿ ಕೀಸ್ ಬೇಕಾ ಅಂತ ಒಂದು ಡಬ್ಬಿ ಎದ್ದು ಬರ್ತದೆ. ಕಾವಲುಗಾರನ ಜೊತೆ ಕತ್ತಿ ಹೊಡೆದಾಡ್ತಾ ಇರೋವಾಗ ಅದು ಎದ್ರೆ ಸತ್ತ ಅಂತಲೇ ಲೆಕ್ಕ. ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಕೀಬೋರ್ಡ್ ಅಂತ ಹೋಗಿ ಮೊದ್ಲು ಅದನ್ನ ಆಫ್ ಮಾಡಿ. ಲ್ಯಾಪ್‌ಟಾಪಿನ ಮೇಲೆ ಕೆಳಗೆ ಬಾಣದ ಕೀಗಳು ಅರ್ಧರ್ಧ ಸೈಜಿಂದು, ಅದ್ರಲ್ಲಿ ಹಪ್ಪಳದ ಎಣ್ಣೆ ಕೈ ಬೇರೆ, ಹೊರಗಿಂದ ಒಂದು ಅಗ್ಗದ ಕೀಬೋರ್ಡ್ ಹಾಕ್ಕೊಳ್ಳೋದೇ ವಾಸಿ.

ಪ್ರಿನ್ಸಿಗೆ ಎಸ್‌ಡಿಎಲ್ ಪಾಪ್ ಅಂತ ಇನ್ನೊಂದು ದಾರಿನೂ ಇದೆ. ಡಾಸ್ ಗೇಮನ್ನ ಬಿಚ್ಚಿ ನೋಡಿ ಅಭಿಮಾನಿಗಳೇ ಹೊಸದಾಗಿ ಬರೆದದ್ದು, ವಿಂಡೋಸು ಲಿನಕ್ಸು ಎಲ್ಲದ್ರಲ್ಲೂ ನೇರ ಓಡ್ತದೆ, ಎಫ್6 ಒತ್ತಿದ್ರೆ ಅಲ್ಲಲ್ಲೇ ಸೇವು, ಎಫ್9ಕ್ಕೆ ವಾಪಸ್. ಅಳಿಯ ಇದನ್ನೇ ಹಿಡ್ಕೊಂಡ. ನನ್ನ ಪ್ರಕಾರ ಆ ಗೇಮಿನ ಜೀವ ಇರೋದೇ 60 ನಿಮಿಷದೊಳಗೆ ಮುಗಿಸ್ಬೇಕು ಅನ್ನೋ ಹೆದರಿಕೆಯಲ್ಲಿ, ಎಫ್9 ಒತ್ತಿದ್ರೆ ಸಮಯನೂ ಬಹುಪಾಲು ವಾಪಸ್ ಬರ್ತದೆ, ಆಗ ಎಂತ ಹೆದರಿಕೆ? ಅವ ಒಪ್ಪೋದಿಲ್ಲ. ಆದ್ರೂ ಕೊನೆಕೊನೆಗೆ 12ನೇ ಲೆವೆಲ್ಲಲ್ಲಿ ತನ್ನದೇ ನೆರಳಿನ ಜೊತೆ ಕತ್ತಿ ಹೊಡೆದಾಡ್ತಾ ಹೊಡೆದಷ್ಟೂ ತನ್ನ ಜೀವನೇ ಕಮ್ಮಿ ಆಗೋದು ನೋಡಿ ತಲೆ ಕೆರ್ಕೊಂಡು ಬಂದ. ಕತ್ತಿ ಒಳಗಿಟ್ಟು ಸುಮ್ನೆ ಅವನ ಕಡೆ ನಡೆ ಅಂದೆ. ನಮ್ಮ ಕಾಲದಲ್ಲಿ ಈ ಗುಟ್ಟು ಕುಮಟಾದಿಂದ ರಜೆಗೆ ಬಂದ ಹುಡುಗ ಒಬ್ಬ ಹೇಳಿದ್ದು, ದೇವಿಮನೆ ಘಟ್ಟ ಹತ್ತಿ ಬಂದ ವಿದ್ಯೆ. ಈಗ ಯೂಟ್ಯೂಬು.

ನಡುವೆ ಪಿನ್‌ಬಾಲ್. ವಿಂಡೋಸ್ ಎಕ್ಸ್‌ಪಿಯಲ್ಲಿ ಬರ್ತಿದ್ದ ಸ್ಪೇಸ್ ಕ್ಯಾಡೆಟ್, ಅಪ್ಪಯ್ಯ ಜೀವನದಲ್ಲಿ ಆಡಿದ ಒಂದೇ ಕಂಪ್ಯೂಟರ್ ಗೇಮು. ಆಮೇಲಿನ ವಿಂಡೋಸ್ ವಿಸ್ತಾದಿಂದ ಅದು ಮಾಯ ಆದದ್ದು ಯಾಕೆ ಅಂತ ಮೈಕ್ರೋಸಾಫ್ಟಿನ ಹಳೇ ಇಂಜಿನಿಯರ್ ರೇಮಂಡ್ ಚೆನ್ ಬರೆದಿದ್ದಾರೆ, 64 ಬಿಟ್ಟಿಗೆ ತಂದಾಗ ಚೆಂಡು ಲಾಂಚರನ್ನೇ ತೂರ್ಕೊಂಡು ಕೆಳಗೆ ಬಿದ್ದು ಹೋಗ್ತಿತ್ತಂತೆ, ಬೇರೆಯವ್ರು ಬರೆದ ಹಳೇ ಕೋಡು, ಒಂದು ಟಿಪ್ಪಣಿ ಇಲ್ಲ, ತಪ್ಪೆಲ್ಲಿ ಅಂತ ಹುಡುಕೋಕೆ ಆಗ್ದೆ ಗೇಮನ್ನೇ ಬಿಟ್ರಂತೆ. ಅದಕ್ಕೂ ಮೊದ್ಲು ಇನ್ನೊಂದು ಪಜೀತಿ, ಗೇಮು ಆಗೋದಷ್ಟು ಜೋರು ಚಿತ್ರ ಬಿಡಿಸ್ತಾ ಪ್ರೊಸೆಸರ್ ಪೂರ್ತಿ ತಿಂತಿತ್ತು, ಸೆಕೆಂಡಿಗೆ 100 ಫ್ರೇಮ್ ಅಂತ ಲಗಾಮು ಹಾಕಿದ್ದೂ ಅವ್ರೇ. 2021ರಲ್ಲಿ ಒಬ್ಬರು ಇಡೀ ಗೇಮನ್ನ ಡಿಕಂಪೈಲ್ ಮಾಡಿ, ಅಂದ್ರೆ ಓಡೋ ಫೈಲನ್ನ ಬಿಚ್ಚಿ ಕೋಡು ವಾಪಸ್ ತೆಗೆದು, ಗಿಟ್‌ಹಬ್ಬಲ್ಲಿ ಹಾಕಿದ್ದಾರೆ, ಹಳೇ ಎಕ್ಸ್‌ಪಿಯಿಂದ ಡೇಟಾ ಫೈಲುಗಳು ತಂದು ಪಕ್ಕದಲ್ಲಿಟ್ರೆ ಸಾಕು. ಅಪ್ಪಯ್ಯಂಗೆ ತೋರ್ಸಿದೆ. ಕನ್ನಡಕ ಏರಿಸ್ಕೊಂಡು ನೋಡಿ, ಸ್ಪೇಸ್ ಬಾರ್ ಒತ್ತಿ ಹಿಡಿದು ಬಿಟ್ರು, ಆಮೇಲೆ ನನ್ನ ಆಫೀಸ್ ಮೀಟಿಂಗಿಗೆ ಲ್ಯಾಪ್‌ಟಾಪ್ ವಾಪಸ್ ತಗೊಳ್ಳೋಕೆ ಹರಸಾಹಸ ಆಯ್ತು.

ಇಲ್ಲಿಗೆ ಸುಖ ಮುಗೀತು.

ಏಜ್ ಆಫ್ ಎಂಪೈರ್ಸ್, ಕ್ಲಾ, ರೋಡ್ ರ‍್ಯಾಶ್, ಈ ಗುಂಪು ಇದೆಯಲ್ಲ, ಇವು ಡಾಸಿನ ಹಾಗೆ ತಮ್ಮದೇ ಪ್ರಪಂಚದಲ್ಲಿ ಇರೋವಲ್ಲ. ಇವಕ್ಕೆ ವಿಂಡೋಸು ಬೇಕು, ಆದ್ರೆ ಆಗಿನ ವಿಂಡೋಸು ಬೇಕು, ಗೇಮಿನ ಚಿತ್ರ ಸದ್ದು ನೋಡ್ಕೊಳ್ಳೋ ಆಗಿನ ಡೈರೆಕ್ಟ್‌ಎಕ್ಸ್ ಬೇಕು, 256 ಬಣ್ಣದ ಪರದೆ ಬೇಕು. ಇವತ್ತಿನ ವಿಂಡೋಸಲ್ಲಿ ಇದೆಲ್ಲ ಅರ್ಧಂಬರ್ಧ ಇದೆ, ಪೂರ್ತಿ ಇಲ್ಲದಿದ್ರೆ ಡಾಸಿನ ಹಾಗೆ ಬೇರೆ ಡಬ್ಬಿ ಕಟ್ಬಹುದಿತ್ತು, ಅರ್ಧ ಇರೋದೇ ತೊಂದ್ರೆ. ಕೆಲವು ಗೇಮು 32 ಬಿಟ್ಟಿಂದು, ಆದ್ರೆ ಸೆಟಪ್ ಫೈಲು ಮಾತ್ರ 16 ಬಿಟ್ಟಿಂದು, ಗೇಮು ಓಡ್ತದೆ ಇನ್‌ಸ್ಟಾಲ್ ಆಗೋದಿಲ್ಲ. ಅದಕ್ಕೆ ವೈನ್‌ವಿಡಿಎಂ ಅಂತ ಒಂದು ಪುಣ್ಯಾತ್ಮರ ಸಾಫ್ಟ್‌ವೇರ್ ಇದೆ, 64 ಬಿಟ್ಟಲ್ಲೂ 16 ಬಿಟ್ ಓಡಿಸ್ತದೆ.

ಏಜ್ ಆಫ್ ಎಂಪೈರ್ಸ್, ಊರು ಸೈನ್ಯ ಕಟ್ಟಿ ಕಾದಾಡೋ ಗೇಮು, 1997ರ ಮೊದಲನೇದು, ಭಾವನ ಹತ್ರ ಸಿಡಿ ಇತ್ತು. ಹಿಂದೊಮ್ಮೆ ವಿಂಡೋಸ್ 7ರಲ್ಲಿ ಹಾಕಿದ್ದಾಗ ಬಣ್ಣವೆಲ್ಲ ಎಕ್ಕುಟ್ಟೋಗಿತ್ತು, ನೀರು ಕೆಂಪು, ಹುಲ್ಲು ನೇರಳೆ, ಹೋಳಿ ಮಾಡಿದ ಹಾಗೆ ಇತ್ತು. ಆ 256 ಬಣ್ಣದ ಪಟ್ಟಿಯನ್ನ ವಿಂಡೋಸಿನ ಎಕ್ಸ್‌ಪ್ಲೋರರ್ ಹಿಂದಿಂದ ಬಂದು ಬದಲಾಯಿಸ್ತಿತ್ತು, ಟಾಸ್ಕ್ ಮ್ಯಾನೇಜರಲ್ಲಿ ಎಕ್ಸ್‌ಪ್ಲೋರರನ್ನೇ ಕೊಂದು ಆಡೋದು ಆಗ ಎಲ್ರಿಗೂ ಗೊತ್ತಿದ್ದ ಮದ್ದು. ಈಗಿನ ವಿಂಡೋಸಲ್ಲಿ ಬಣ್ಣದ ಕಾಟ ನಂಗೆ ಬರ್ಲಿಲ್ಲ, ಬದಲಿಗೆ ನೆಟ್ಟಲ್ಲಿ ಸೇರಿ ಆಡ್ಸೋ ಡೈರೆಕ್ಟ್‌ಪ್ಲೇ ಬೇಕು ಅಂತ ಹಠ. ಅದು ಹೊಸದಾಗಿ ಎಲ್ಲಿಂದಲೂ ತರೋದಲ್ಲ, ಕಂಟ್ರೋಲ್ ಪ್ಯಾನೆಲಲ್ಲಿ ವಿಂಡೋಸ್ ಫೀಚರ್ಸ್ ಅಂತ ಇರ್ತದೆ, ಅಲ್ಲಿ ಲೆಗಸಿ ಕಾಂಪೊನೆಂಟ್ಸ್ ಕೆಳಗೆ ಟಿಕ್ ಹಾಕಿದ್ರೆ ಆಯ್ತು.

ನಂಗೆ ಸಿಟ್ಟು ಬಂದದ್ದು ಒರಿಜಿನಲ್ ಸಿಡಿಗಳ ವಿಷ್ಯದಲ್ಲಿ. ಕಾಲೇಜಿದ್ದಾಗ ಹುಬ್ಬಳ್ಳಿಗೆ ಹೋಗಿ ಪಾಕೆಟ್ ಮನಿ ಎಲ್ಲ ಸುರಿದು ಒರಿಜಿನಲ್ ತಂದದ್ದಿತ್ತು, ಹೆಸರು ಬೇಡ ಬಿಡಿ. ಆ ಸಿಡಿಯಲ್ಲಿ ಸೇಫ್‌ಡಿಸ್ಕ್ ಅನ್ನೋ ಕಾಪಿ ತಡೆಯೋ ಬೀಗ ಇದೆ, ಆ ಬೀಗ ತೆಗೆಯೋಕೆ ವಿಂಡೋಸಲ್ಲಿ ಒಂದು ಡ್ರೈವರ್ ಇರ್ಬೇಕು, ಅದ್ರಲ್ಲಿ ಸುರಕ್ಷತೆ ತೂತಿದೆ ಅಂತ 2015ರಲ್ಲಿ ವಿಂಡೋಸ್ 10 ಬರೋವಾಗ ಅದನ್ನ ಕೈ ಬಿಟ್ರು. ಸರಿನೇ, ತೂತಿದ್ರೆ ಮುಚ್ಲೇಬೇಕು. ಆದ್ರೆ ನೋಡಿ, ಅದೇ ಗೇಮನ್ನ ಬೀಗ ಮುರಿದ ಕಾಪಿ ತಗೊಂಡ ದೋಸ್ತಂದು ಇವತ್ತಿಗೂ ಓಡ್ತದೆ, ದುಡ್ಡು ಕೊಟ್ಟವಂದು ಓಡೋದಿಲ್ಲ. ಹಂಗಾಗಿ ಬೀಗ ಇಲ್ದೆ ಮಾರೋ ಗಾಗ್‌ನಂಥ ಆನ್‌ಲೈನ್ ಅಂಗಡೀಲಿ ಹಳೇದು ಸಿಕ್ರೆ ಕಣ್ಮುಚ್ಚಿ ತಗೊಳ್ಳಿ, ಕಾಲ ಕಾಲಕ್ಕೆ ರಿಪೇರಿ ಮಾಡೇ ಕೊಡ್ತಾರೆ. ಸಿಡಿಯಿಂದ ಕಾಪಿ ಮಾಡೋದಾದ್ರೆ ಬರೀ ಐಎಸ್‌ಒ ಅನ್ನೋ ಥರದ ಫೈಲು ಮಾಡ್ಬೇಡಿ, ಆ ಕಾಲದ ಎಷ್ಟೋ ಗೇಮಿನ ಸಂಗೀತ ಸಿಡಿಯಲ್ಲಿ ಆಡಿಯೋ ಟ್ರ್ಯಾಕಾಗಿ ಇರ್ತಿತ್ತು, ಐಎಸ್‌ಒದಲ್ಲಿ ಅದು ಬರೋದಿಲ್ಲ, ಇಡೀ ಸಿಡಿ ಹಿಡಿಯೋ ಬಿನ್ ಕ್ಯೂ ಅನ್ನೋ ಥರದ ಕಾಪಿ ಮಾಡಿ.

ಕ್ಲಾ ಬಗ್ಗೆ ಹೇಳ್ಲೇಬೇಕು. 1997ರಲ್ಲಿ ಮೋನೋಲಿತ್ ಮಾಡಿದ್ದು, ಕಡಲ್ಗಳ್ಳ ಬೆಕ್ಕು, 14 ಲೆವೆಲ್ಲು. ನಮ್ಮ ಕಡೆ ಹುಡುಗ್ರು ಎಷ್ಟು ಆಡಿದ್ದಾರೆ ಅಂದ್ರೆ ಚೀಟ್ ಕೋಡ್ ಎಂಪಿಕೆಎಫ್‌ಎ ಅಂತ ನಿದ್ದೇಲಿ ಕೇಳಿದ್ರೂ ಹೇಳ್ತಾರೆ. ಹಾಕಿದ್ರೆ ಓಡ್ತದೆ, ಆದ್ರೆ ತಡವರಿಸ್ಕೊಂಡು, ಬೆಕ್ಕು ಹಾರೋದೇ ಒಂದು ಗಳಿಗೆಗೆ, ಇಳಿಯೋದು ಇನ್ನೊಂದು ಗಳಿಗೆಗೆ. ಕಂಪ್ಯಾಟಿಬಿಲಿಟಿ ಅಂತ ಇರೋ ಟಿಕ್ಕನ್ನೆಲ್ಲ ಹಾಕಿ ನೋಡಿದೆ, ತೆಗೆದು ನೋಡಿದೆ, ರಾತ್ರಿ ಊಟಕ್ಕೆ ಕರೆದು ಕರೆದು ಆಯಿ ಬೇಜಾರಾಗಿ ಮಲಗಿದ್ಲು. ಕಡೆಗೆ ಸಿಎನ್‌ಸಿ ಡಿಡ್ರಾ ಅನ್ನೋದು ಸಿಕ್ತು. ಒಂದೇ ಒಂದು ಡಿಎಲ್‌ಎಲ್ ಫೈಲನ್ನ ಗೇಮಿನ ಫೋಲ್ಡರಲ್ಲಿ ಇಡೋದು. ಗೇಮು ಚಿತ್ರ ಬಿಡಿಸೋಕೆ ಡೈರೆಕ್ಟ್‌ಡ್ರಾ ಅಂತ ಕೂಗಿದಾಗ ವಿಂಡೋಸಿನ ಬದಲು ಈ ಫೈಲು ಓ ಅಂತದೆ, ಬಂದ ಕೆಲಸವನ್ನ ಈಗಿನ ಗ್ರಾಫಿಕ್ಸ್ ಕಾರ್ಡಿಗೆ ತಿಳಿಯೋ ಹಾಗೆ ಬದಲಾಯಿಸಿ ದಾಟಿಸ್ತದೆ. ಇಟ್ಟೆ, ಬೆಕ್ಕು ಬೆಣ್ಣೆ ಮೇಲೆ ಜಾರಿತು. ಕ್ಲಾಗೆ ಕ್ರೇಜಿಹುಕ್ ಅಂತ ಅಭಿಮಾನಿಗಳ ಪ್ಯಾಚೂ ಇದೆ, ಇವತ್ತಿಗೂ ಹೊಸ ಲೆವೆಲ್ ಮಾಡಿ ಆಡೋರಿದ್ದಾರೆ. 3ಡಿ ಗೇಮಾದ್ರೆ ಡಿಜಿವೂಡೂ ಅಂತ ಇದೇ ಥರದ್ದು ಇದೆ. ಕಂಪನಿಯವ್ರು ಮರೆತದ್ದನ್ನ ಹಿಂಗೆ ಯಾರೋ ರಾತ್ರಿ ನಿದ್ದೆಗೆಟ್ಟು ಪುಕ್ಕಟೆ ಬರೆದು ಕೊಡ್ತಾರಲ್ಲ, ಅವ್ರು ಇಲ್ದಿದ್ರೆ 98ರ ಕಾಲದ ಅರ್ಧಕ್ಕರ್ಧ ಗೇಮು ಇಷ್ಟೊತ್ತಿಗೆ ಮಣ್ಣಾಗ್ತಿತ್ತು.

86ಬಾಕ್ಸ್ ಅನ್ನೋ ಹಳೇ ಪಿಸಿ ಕಟ್ಟೋ ಸಾಫ್ಟ್‌ವೇರ್ ಹಾಕಿ ಅದ್ರೊಳಗೆ ವಿಂಡೋಸ್ 98ನ್ನೇ ಪೂರ್ತಿ ಇನ್‌ಸ್ಟಾಲ್ ಮಾಡೋ ದಾರಿನೂ ಹಿಡಿದು ನೋಡಿದೆ. ಪಿಸಿ ಶುರು ಮಾಡೋ ಬಯಾಸಿಂದ ಹಿಡಿದು 3ಡಿ ಚಿತ್ರದ ವೂಡೂ ಕಾರ್ಡಿನ ತನಕ ಎಲ್ಲ ಅನುಕರಿಸ್ತದೆ, ನೋಡೋಕೆ ಹಬ್ಬ, ಆದ್ರೆ ನನ್ನ ಆಫೀಸ್ ಲ್ಯಾಪ್‌ಟಾಪಿಗೆ ಅಷ್ಟು ಕಸು ಇಲ್ಲ, ಫ್ಯಾನ್ ಕೂಗಿದ ಅಬ್ಬರಕ್ಕೆ ಮಳೆ ಸದ್ದು ಕೇಳ್ತಿರ್ಲಿಲ್ಲ. ಒಳ್ಳೇ ಡೆಸ್ಕ್‌ಟಾಪ್ ಇದ್ದವ್ರು ಮಾಡಿ.

ರೋಡ್ ರ‍್ಯಾಶ್ ಇನ್ನೂ ಬಾಕಿ ಇದೆ. ಯಾಕೆ ಬಾಕಿ ಅಂದ್ರೆ ನಡುವೆ ಭಾವ ಏಜ್ ಆಫ್ ಎಂಪೈರ್ಸ್ ಜೋಡಿ ಆಡೋಣ ಅಂತ ಫೋನ್ ಮಾಡಿದ. ಗೇಮ್‌ರೇಂಜರ್ ಅಂತ ಹಳೇ ಗೇಮುಗಳನ್ನ ನೆಟ್ಟಲ್ಲಿ ಸೇರ್ಸಿ ಆಡ್ಸೋದು ಇದೆ, ಅವ ಕೋಡಿಬಾಗದಲ್ಲಿ, ನಾ ಇಲ್ಲಿ. ಅಳಿಯ ನನ್ನ ಪಕ್ಕ ಸಲಹೆಗಾರ. ನಾನು ಕಷ್ಟಪಟ್ಟು ಆನೆ ಸೈನ್ಯ ಕಟ್ಟಿ ನುಗ್ಗಿದ್ರೆ ಆ ಪುಣ್ಯಾತ್ಮ ಎರಡೇ ಎರಡು ಪೂಜಾರಿಗಳನ್ನ ಮರದ ಹಿಂದೆ ನಿಲ್ಸಿ ವೊಲೊಲೊ ವೊಲೊಲೊ ಅಂತ ಮಂತ್ರ ಹಾಕಿ ನನ್ನ ಆನೆಗಳನ್ನೇ ತನ್ನ ಕಡೆ ಮಾಡ್ಕೊಂಡ, ಅವು ತಿರುಗಿ ನನ್ನ ಊರನ್ನೇ ತುಳಿದ್ವು. ಫೋನಲ್ಲಿ ನಗ್ತಾ "ಅಡ್ಡಿಲ್ಲೆ ಭಾವ, ಇನ್ನೊಂದು ಆಟ?" ಅಂದ, ಅಷ್ಟೊತ್ತಿಗೆ ಕರೆಂಟು ಹೋಗಿ ರೌಟರ್ ಆಫ್. ಬಂದ ಕೂಡ್ಲೆ ಮತ್ತೆ ಕೂರೋದೇ. ಈ ಸಲ ಅವಂಗೆ ಪೂಜಾರಿ ಮಾಡೋಕೇ ಬಿಡೋದಿಲ್ಲ, ಮೊದ್ಲು ಹೋಗಿ ದೇವಸ್ಥಾನ ಒಡೀತೇನೆ.